ಗೃಧ್ರಸಿಯ ನೋವು: ಭೀತಿಯೂ ವಿವೇಕವೂ

ಮನುಷ್ಯನನ್ನು ಕೊಲ್ಲದೆಯೇ ಅವನ ಸಂಸಾರವನ್ನು ಕೆಡಹಬಲ್ಲ ವ್ಯಾಧಿಗಳು ಕೆಲವುಂಟು. ಅವುಗಳಿಂದ ಸತ್ತವರ ಪಟ್ಟಿಯಿಲ್ಲ. ಆದುದರಿಂದ ಅವುಗಳ ವಿಷಯವಾಗಿ ಗದ್ದಲವೂ ಇಲ್ಲ. ಸೊಂಟದಿಂದ ಹೊರಟು, ತೊಡೆಯ ಹಿಂಭಾಗವನ್ನು ಹಿಡಿದು, ಮೀನಖಂಡವನ್ನು ಸೀಳಿಕೊಂಡು ಪಾದದವರೆಗೆ ಇಳಿಯುವ ನೋವು ಅಂತಹವುಗಳಲ್ಲೊಂದು. ವೈದ್ಯರು ಇದನ್ನು ಸಯಾಟಿಕಾ ಎನ್ನುವರು. ಆಯುರ್ವೇದದವರು ಗೃಧ್ರಸಿ ಎನ್ನುವರು. ನಮ್ಮ ಜನರು ‘ನರ ಹಿಡಿದಿದೆ’ ಎಂದಿಷ್ಟೇ ಹೇಳಿ ನಿಟ್ಟುಸಿರು ಬಿಡುವರು. ಪೇಟೆಯ ಹಮಾಲ, ಕೆಸರುಗದ್ದೆಯಲ್ಲಿ ಬಾಗಿ ನಾಟಿಮಾಡುವ ಹೆಣ್ಣುಮಗಳು, ದಿನವಿಡೀ ಬಸ್ಸು ನಡೆಸುವ ಚಾಲಕ, ಮೇಜು ಬಿಟ್ಟೇಳದ ಗುಮಾಸ್ತ, ಇವರಲ್ಲಿ ಯಾರನ್ನೂ ಇದು ಬಿಟ್ಟಿಲ್ಲ. ನೋವು ದೊಡ್ಡದೇ ಸರಿ. ಆದರೆ ನೋವಿನ ಕುರಿತ ಭೀತಿಯೂ ಅವಸರವೂ ಎಷ್ಟೋ ರೋಗಿಗಳನ್ನು ನೋವಿಗಿಂತ ಹೆಚ್ಚಾಗಿ ಕೆಡಿಸುತ್ತಿವೆಯೆಂದು ನಾವು ತಿಳಿಯುತ್ತೇವೆ. ಅದಕ್ಕಾಗಿಯೇ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ತಿಳಿಯಬೇಕಾದುದೇನೆಂದರೆ, ಇದು ರೋಗದ ಹೆಸರಲ್ಲ, ಲಕ್ಷಣದ ಹೆಸರು. ಜ್ವರವು ಹೇಗೆ ಹಲವು ಕಾರಣಗಳಿಂದ ಬರುವುದೋ ಹಾಗೆ ಇದೂ ಬರುವುದು. ನಮ್ಮ ದೇಹದ ನರಗಳಲ್ಲೆಲ್ಲ ದಪ್ಪನಾದುದು ಸಯಾಟಿಕ್ ನರ. ಬೆನ್ನೆಲುಬಿನ ಕೆಳಭಾಗದಿಂದ ಹೊರಬೀಳುವ ಐದು ನರಮೂಲಗಳು ಕೂಡಿ ಇದಾಗುವುದು. ನಿತಂಬದ ಮಾಂಸದಡಿಯಲ್ಲಿ ಹಾದು, ತೊಡೆಯ ಹಿಂದೆ ಇಳಿದು, ಮಂಡಿಯ ಸಮೀಪದಲ್ಲಿ ಕವಲೊಡೆದು, ಕಾಲ್ಬೆರಳುಗಳವರೆಗೂ ಇದು ಹರಡುವುದು. ಬೇರಿಗೆ ತೊಂದರೆಯಾದರೆ ಕೊಂಬೆ ಬಾಡುವಂತೆ, ಸೊಂಟದಲ್ಲಿ ನರಮೂಲವು ಕೆರಳಿದರೆ ಕಾಲು ಉರಿಯುವುದು. ಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ಬೇಸತ್ತವನಿಗೆ ಮೂಲವು ಬೆನ್ನಿನಲ್ಲಿದೆಯೆಂದರೆ ಆಶ್ಚರ್ಯವೆನಿಸುವುದು ಸಹಜ.

ನೋವು ಹೊಸದಲ್ಲ. ಚರಕಸಂಹಿತೆಯು ಗೃಧ್ರಸಿಯನ್ನು ವಾತರೋಗಗಳಲ್ಲಿ ಎಣಿಸಿ, ನಿತಂಬದಿಂದ ಮೊದಲಾದ ನೋವು ತೊಡೆ, ಮಂಡಿ, ಮೀನಖಂಡ, ಪಾದಗಳಿಗೆ ವ್ಯಾಪಿಸುವ ಬಗೆಯನ್ನು ವರ್ಣಿಸಿದೆ. ಕಾಲನ್ನು ಎತ್ತಲು ಅಡ್ಡಿಯಾಗುವುದನ್ನು ಸುಶ್ರುತನು ಗುರುತಿಸಿರುವನು. ‘ಗೃಧ್ರ’ವೆಂದರೆ ಹದ್ದು, ರೋಗಿಯ ನಡಿಗೆಯು ಹದ್ದಿನ ನಡಿಗೆಯಂತಾಗುವುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಇಟಲಿಯ ನೇಪಲ್ಸ್ ನಗರದ ಡೊಮೆನಿಕೊ ಕೊಟುನ್ಯೊ ಎಂಬ ವೈದ್ಯರು ೧೭೬೪ರಲ್ಲಿ ಪುಸ್ತಕವೊಂದನ್ನು ಬರೆದು, ಕೀಲಿನ ನೋವನ್ನೂ ನರದ ನೋವನ್ನೂ ಬೇರ್ಪಡಿಸಿ ತೋರಿಸಿದರು. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿಯನ್ನು ಮಡಿಸದೆ ಕಾಲನ್ನು ಮೇಲೆತ್ತಿ ನೋಡುವ ಪರೀಕ್ಷೆಯನ್ನು ಸರ್ಬಿಯ ದೇಶದ ವೈದ್ಯರೂ ಕಥೆಗಾರರೂ ಆಗಿದ್ದ ಲಾಜಾ ಲಾಜರೆವಿಚ್ ೧೮೮೦ರಲ್ಲಿ ವಿವರಿಸಿದರು. ಮರುವರ್ಷ ಪ್ಯಾರಿಸಿನ ಲಾಸೆಗ್ ಅವರ ಶಿಷ್ಯನೊಬ್ಬನು ಅದನ್ನೇ ಪ್ರಕಟಿಸಿ ಗುರುವಿನ ಹೆಸರಿಟ್ಟನು. ಇಂದಿಗೂ ವೈದ್ಯರು ಮೊದಲು ಮಾಡುವ ಪರೀಕ್ಷೆಗಳಲ್ಲಿ ಇದೊಂದು. ಇದಕ್ಕೆ ಬೇಕಾದುದು ಒಂದು ಮಂಚವೂ ತಿಳಿದ ಕೈಯೂ ಮಾತ್ರ.

ಹೆಚ್ಚಿನ ರೋಗಿಗಳಲ್ಲಿ ಕಾರಣವೇನೆಂಬುದನ್ನು ಸ್ಪಷ್ಟಪಡಿಸಿದವರು ಬೋಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು. ಅದು ೧೯೩೪ನೆಯ ಇಸವಿ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕಿಗೆ ಹೊರಗೆ ಗಟ್ಟಿಯಾದ ನಾರಿನ ಬಳೆ, ಒಳಗೆ ಮೃದುವಾದ ತಿರುಳು. ಬಳೆಯು ಬಿರಿದಾಗ ತಿರುಳು ಹೊರಚಾಚಿ ನರಮೂಲವನ್ನು ಒತ್ತುವುದು. ಒತ್ತುವುದಲ್ಲದೆ ಅಲ್ಲಿ ಉರಿಯೂತವನ್ನೂ ಎಬ್ಬಿಸುವುದು. ವಯಸ್ಸಾದವರಲ್ಲಿ ನರಗಳ ದಾರಿಯೇ ಇಕ್ಕಟ್ಟಾಗಿ ಇದೇ ನೋವು ಬರುವುದುಂಟು. ‘ಡಿಸ್ಕು ಜಾರಿದೆ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಅದು ಗೂಡಿನಿಂದ ಜಾರಿದ ತಟ್ಟೆಯಲ್ಲ. ತಳ್ಳಿ ಕೂರಿಸುವ ವಸ್ತುವೂ ಅಲ್ಲ. ಹೊರಚಾಚಿದ ತಿರುಳನ್ನು ಎಷ್ಟೋ ಸಲ ದೇಹವೇ ತಿಂಗಳುಗಳಲ್ಲಿ ಮೆಲ್ಲಮೆಲ್ಲನೆ ಕರಗಿಸಿಕೊಳ್ಳುವುದು. ರೋಗಿಯ ಕಿವಿಗೆ ಮೊದಲು ಬೀಳಬೇಕಾದ ಮಾತು ಇದು. ಬೀಳುವುದು ಮಾತ್ರ ಕಡೆಗೆ.

ಇನ್ನು ಚಿಕಿತ್ಸೆಯ ವಿಚಾರ. ‘ಹಾಸಿಗೆ ಬಿಟ್ಟೇಳಬೇಡ’ ಎಂಬುದು ಬಹುಕಾಲದ ವೈದ್ಯೋಪದೇಶವಾಗಿತ್ತು. ೧೯೯೯ರಲ್ಲಿ ಹಾಲೆಂಡಿನ ವೈದ್ಯರು ೧೮೩ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವಾರ ಹಾಸಿಗೆಯ ವಿಶ್ರಾಂತಿಯನ್ನು ವಿಧಿಸಿ, ಇನ್ನೊಂದನ್ನು ಹಾಗೆಯೇ ಓಡಾಡಿಕೊಂಡಿರಲು ಬಿಟ್ಟು ಪರೀಕ್ಷಿಸಿದರು. ಹನ್ನೆರಡು ವಾರಗಳ ತರುವಾಯ ಎರಡು ಗುಂಪುಗಳಲ್ಲಿಯೂ ಗುಣ ಕಂಡವರು ನೂರಕ್ಕೆ ೮೭ ಮಂದಿ. ಮಲಗಿದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ನೋವು ಸಹಿಸುವಷ್ಟು ನಡೆಯುವುದು, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂರದಿರುವುದು, ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬನ್ನಿಡುವುದು, ಹಿತವೆನಿಸಿದರೆ ಬಿಸಿಶಾಖ, ತಿಳಿದವರು ಕಲಿಸಿದ ವ್ಯಾಯಾಮ, ಇವೇ ಮೊದಲ ಆರು ವಾರಗಳ ಔಷಧವೆಂದರೂ ಸಲ್ಲುವುದು. ಎಲ್ಲರಿಗೂ ಪೂರ್ಣ ಗುಣವಾಗುವುದೆಂದು ನಾವು ಹೇಳೆವು. ಕೆಲವರಲ್ಲಿ ನೋವು ಬಹುಕಾಲ ಉಳಿಯುವುದು, ಕೆಲವರಿಗೆ ಮರಳಿ ಬರುವುದು. ಆದರೆ ಕಾಲವು ಬಹುಮಂದಿಯ ಪಕ್ಷದಲ್ಲಿದೆ.

ಭೀತಿಯನ್ನು ಬೆಳೆಸುವ ಇನ್ನೊಂದು ವಸ್ತು ಎಂ.ಆರ್.ಐ. ಚಿತ್ರ. ಉಪಯುಕ್ತವಾದ ಯಂತ್ರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ೧೯೯೪ರಲ್ಲಿ ಅಮೆರಿಕದ ವೈದ್ಯರು ಬೆನ್ನುನೋವೇ ಇಲ್ಲದ ೯೮ ಮಂದಿಯ ಚಿತ್ರ ತೆಗೆದುನೋಡಿದಾಗ, ನೂರಕ್ಕೆ ೫೨ ಮಂದಿಯಲ್ಲಿ ಒಂದಾದರೂ ಡಿಸ್ಕು ಉಬ್ಬಿಕೊಂಡಿದ್ದಿತು. ತಲೆಯಲ್ಲಿ ನರೆ ಕಾಣುವಂತೆ ಬೆನ್ನಿನಲ್ಲಿಯೂ ವಯಸ್ಸು ಕಾಣುವುದು. ನೋವೊಂದು ಕಡೆ, ಚಿತ್ರದ ದೋಷವೊಂದು ಕಡೆ ಇದ್ದರೆ, ಚಿಕಿತ್ಸೆಯು ನಡೆಯಬೇಕಾದುದು ರೋಗಿಗೇ ಹೊರತು ಚಿತ್ರಕ್ಕಲ್ಲ.

ಔಷಧಗಳ ವಿಷಯದಲ್ಲಿಯೂ ಅತ್ಯಾಶೆ ಸಲ್ಲದು. ನರದ ನೋವಿಗೆಂದು ಬಹಳವಾಗಿ ಬರೆದುಕೊಡುವ ಪ್ರೀಗ್ಯಾಬಲಿನ್ ಎಂಬ ಗುಳಿಗೆಯನ್ನು ಆಸ್ಟ್ರೇಲಿಯದಲ್ಲಿ ೨೦೯ ರೋಗಿಗಳ ಮೇಲೆ ಪರೀಕ್ಷಿಸಿದಾಗ, ಸಯಾಟಿಕಾದ ನೋವಿಗೆ ಅದು ಔಷಧವಿಲ್ಲದ ಹುಸಿಗುಳಿಗೆಗಿಂತ ಮೇಲಲ್ಲವೆಂದೂ, ತಲೆಸುತ್ತು ಮಾತ್ರ ಹೆಚ್ಚಿತೆಂದೂ ೨೦೧೭ರಲ್ಲಿ ಪ್ರಕಟವಾಯಿತು. ಈಗಾಗಲೇ ಸೇವಿಸುತ್ತಿರುವವರು ಇದನ್ನೋದಿ ಒಮ್ಮೆಲೇ ನಿಲ್ಲಿಸಬಾರದು. ವೈದ್ಯರನ್ನು ಕೇಳಿ ಕ್ರಮವಾಗಿ ಬಿಡಬೇಕು. ಸಾಮಾನ್ಯ ನೋವಿನ ಗುಳಿಗೆಗಳು ಕೆಲವು ದಿನಗಳ ಮಟ್ಟಿಗೆ ಒದಗಬಹುದು. ಅಂಗಡಿಯಿಂದ ತಾನೇ ತಂದು ತಿಂಗಳುಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿ. ‘ಒಂದು ಸೂಜಿ ಹಾಕಿರಿ’ ಎಂದು ಹಟ ಹಿಡಿಯುವವರಿಗೂ ಒಂದು ಮಾತು: ನಿತಂಬದಲ್ಲಿ ಸ್ಥಳ ತಪ್ಪಿ ಚುಚ್ಚಿದ ಸೂಜಿಯು ಇದೇ ನರವನ್ನು ಗಾಯಗೊಳಿಸಿ ಪಾದವನ್ನು ಜೋಲುಬೀಳಿಸಬಲ್ಲದು. ಎಣ್ಣೆ ಹಚ್ಚಿ ಮೃದುವಾಗಿ ನೀವುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವುದು, ಬೆನ್ನ ಮೇಲೆ ನಿಂತು ತುಳಿಯಿಸುವುದು, ಇವು ಚಿಕಿತ್ಸೆಯಲ್ಲ, ಸಾಹಸ.

ಶಸ್ತ್ರಚಿಕಿತ್ಸೆಯೆಂದರೆ ಕಾಲು ಬಿದ್ದೇಹೋಗುವುದೆಂಬ ಭಯ ಕೆಲವರದು. ಅದಾದೊಡನೆ ಎಲ್ಲವೂ ಮುಗಿಯಿತೆಂಬ ಭ್ರಮೆ ಕೆಲವರದು. ಎರಡೂ ತಪ್ಪು. ಆರರಿಂದ ಹನ್ನೆರಡು ವಾರ ನರಳಿದ ೨೮೩ ಮಂದಿಯ ಮೇಲೆ ಹಾಲೆಂಡಿನಲ್ಲಿ ನಡೆದ ಪರೀಕ್ಷೆಯ ಫಲವು ೨೦೦೭ರಲ್ಲಿ ಹೊರಬಂದಿತು. ಬೇಗನೆ ಶಸ್ತ್ರಚಿಕಿತ್ಸೆ ಪಡೆದವರ ನೋವು ಬೇಗನೆ ಇಳಿಯಿತು. ಆದರೆ ವರ್ಷ ತುಂಬುವಾಗ ಎರಡು ಗುಂಪುಗಳೂ ಸರಿಸಮವಾಗಿದ್ದವು. ಕಾಯುವ ಗುಂಪಿನವರಲ್ಲಿ ನೂರಕ್ಕೆ ೩೯ ಮಂದಿ ಮಾತ್ರ ತರುವಾಯ ಶಸ್ತ್ರಚಿಕಿತ್ಸೆಗೆ ಹೋಗಬೇಕಾಯಿತು. ಹೀಗಾಗಿ, ತಾಳಲಾರದ ನೋವು ವಾರಗಳು ಕಳೆದರೂ ಇಳಿಯದವನಿಗೆ ಅದು ಒಳ್ಳೆಯ ಮಾರ್ಗ. ಮೊದಲ ವಾರದಲ್ಲಿಯೇ ಎಲ್ಲರೂ ಓಡಬೇಕಾದ ಮಾರ್ಗವಲ್ಲ.

ತಾಳ್ಮೆಗೂ ಒಂದು ಎಲ್ಲೆಯಿದೆ. ಈ ಮಾತನ್ನು ವಾಚಕರು ಮನಸ್ಸಿನಲ್ಲಿ ಕೊರೆದಿಟ್ಟುಕೊಳ್ಳಬೇಕು. ಮೂತ್ರವು ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಮಲದ ಮೇಲೆ ಹಿಡಿತ ತಪ್ಪಿದರೆ, ಗುದ ಮತ್ತು ಜನನೇಂದ್ರಿಯಗಳ ಸುತ್ತಲಿನ ಚರ್ಮವು ಜೋಮುಗಟ್ಟಿದರೆ, ನೋವು ಎರಡು ಕಾಲಿಗೂ ಹರಡಿ ಬಲ ಕುಂದಿದರೆ, ನಾಳೆಯೆನ್ನದೆ ಅಂದೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಡಕ್ಕೆ ಸಿಕ್ಕಿರುವ ಸೂಚನೆಯಿದು. ತಡವಾದರೆ ಹಾನಿ ಶಾಶ್ವತವಾಗಬಹುದು. ನಾಚಿಕೆಯಿಂದ ಇದನ್ನು ಬಚ್ಚಿಡುವವರೇ, ಅದರಲ್ಲಿಯೂ ಹೆಂಗಸರೇ, ಹೆಚ್ಚು ನಷ್ಟಪಡುವರು. ಪಾದವು ಮೇಲೇಳದೆ ಚಪ್ಪಲಿ ಜಾರತೊಡಗಿದರೂ ತಡಮಾಡಬಾರದು. ಜ್ವರ, ರಾತ್ರಿ ಹೆಚ್ಚುವ ನೋವು, ದಿನೇ ದಿನೇ ಇಳಿಯುವ ತೂಕ ಇವು ಕೂಡಿಬಂದರೆ, ಬೆನ್ನೆಲುಬಿನ ಕ್ಷಯವೋ ಗಂತಿಯೋ ಇರಬಹುದೆಂದು ಪರೀಕ್ಷಿಸಬೇಕು. ಕ್ಷಯವಿನ್ನೂ ಅಳಿಯದ ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಆರು ವಾರ ತಾಳು, ಭಾರ ಎತ್ತಬೇಡ ಎಂದು ವೈದ್ಯನು ಹೇಳುವುದು ಸುಲಭ. ಹುಬ್ಬಳ್ಳಿ, ದಾವಣಗೆರೆ, ರಾಯಚೂರುಗಳ ಪೇಟೆಗಳಲ್ಲಿ ಚೀಲದ ಲೆಕ್ಕಕ್ಕೆ ಕೂಲಿ ಪಡೆಯುವ ಹಮಾಲನು ಆ ಆರು ವಾರ ಏನನ್ನು ಉಣ್ಣಬೇಕು? ಸಿಮೆಂಟಿನ ಒಂದು ಚೀಲ ೫೦ ಕಿಲೋ. ಒಬ್ಬ ಗಂಡಾಳು ಹೊರುವ ಭಾರ ೫೫ ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೬೭ರಲ್ಲಿಯೇ ಶಿಫಾರಸು ಮಾಡಿತು. ಆದರೆ ದಿನಕ್ಕೆ ನೂರಾರು ಸಲ ಹೊತ್ತ ಬೆನ್ನಿಗೆ ಆ ಎಲ್ಲೆಯೊಳಗಿನ ಭಾರವೂ ಹಗುರವಲ್ಲ. ಕಾರ್ಖಾನೆಯ ಕೆಲಸಗಾರನಿಗೆ ೧೯೪೮ರ ವಿಮಾ ಕಾಯಿದೆಯ ಕಾಲದಿಂದ ರೋಗಕಾಲದ ವೇತನದ ಏರ್ಪಾಡು ಬೆಳೆದುಬಂದಿದೆ. ಒಬ್ಬ ಯಜಮಾನನೆಂದಿಲ್ಲದೆ ಹತ್ತು ಅಂಗಡಿಗಳಿಗೆ ದುಡಿಯುವವನಿಗೆ ಅಂತಹ ಆಸರೆ ಎಲ್ಲಿದೆ? ಅವನು ನೋವಿನ ಗುಳಿಗೆಯನ್ನು ನುಂಗಿ ಮತ್ತೆ ಚೀಲಕ್ಕೆ ಬೆನ್ನು ಕೊಡುವನು. ಅದು ಅಜ್ಞಾನವಲ್ಲ, ಹಸಿವು.

ಆದುದರಿಂದ ವಿವೇಕವು ರೋಗಿಗೊಬ್ಬನಿಗೇ ಸಾಲದು. ತಾಲ್ಲೂಕು ಆಸ್ಪತ್ರೆಗಳಲ್ಲೆಲ್ಲ ವ್ಯಾಯಾಮವನ್ನು ಕಲಿಸುವ ಭೌತಚಿಕಿತ್ಸಕರು ಇರುವಂತೆ ಸರಕಾರವು ನೋಡಬೇಕು. ಅದಕ್ಕಾಗುವ ವೆಚ್ಚ ಒಂದು ಯಂತ್ರದ ಬೆಲೆಯ ಮುಂದೆ ಅಲ್ಪ. ಪೇಟೆಯ ವರ್ತಕರು ತಳ್ಳುಗಾಡಿಗಳನ್ನು ಒದಗಿಸಲಿ, ಚೀಲಗಳನ್ನು ಹಗುರಗೊಳಿಸಲಿ. ನೋವುಂಡ ಆಳಿಗೆ ಕೆಲವು ವಾರ ಹಗುರವಾದ ಕೆಲಸವನ್ನು ಕೊಡುವುದು ದಾನವಲ್ಲ. ಇಷ್ಟು ವರ್ಷ ಹೊತ್ತುದರ ಋಣ. ವೈದ್ಯರು ಚಿತ್ರವನ್ನು ತೋರಿಸಿ ಹೆದರಿಸುವ ಬದಲು ನಾಲ್ಕು ಮಾತು ಕನ್ನಡದಲ್ಲಿ ತಿಳಿಸಿ ಹೇಳಲಿ. ರೋಗಿಯಾದರೋ, ಅಪಾಯದ ಲಕ್ಷಣಗಳನ್ನು ನೆನಪಿಟ್ಟುಕೊಂಡು, ಉಳಿದಂತೆ ಧೈರ್ಯವಾಗಿ ನಡೆಯಲಿ. ನಿಧಾನವಾಗಿಯಾದರೂ ನಡೆಯುವ ಕಾಲೇ ಬೇಗ ವಾಸಿಯಾಗುವ ಕಾಲು.