ನಿಯಮದ ಹಿಂದಿನ ಕಾರಣ: ಕಟ್ಟಡದ ದೂಳು ಮತ್ತು ಮಣ್ಣಿನ ಸವಕಳಿ ಕುರಿತು ಒಂದು ಅಭ್ಯಾಸ ಪಾಠ

ಮಣ್ಣಿನ ಸವಕಳಿಯ ಪಾಠವನ್ನು ನಾವು ಸಾಮಾನ್ಯವಾಗಿ ಹೊಲ, ಬದುಗಳಿಂದ ಆರಂಭಿಸುತ್ತೇವೆ. ಹಿರೇಹಡಗಲಿಯಲ್ಲಿ ಎಂಟನೇ ತರಗತಿಗೆ ಅಭ್ಯಾಸ ಪಾಠ ನೀಡುವಾಗ ನಾನು ಕಟ್ಟಡ ಕೆಲಸದ ಜಾಗವನ್ನು ಆರಿಸಿಕೊಂಡೆ. ಹಡಗಲಿ, ಹರಪನಹಳ್ಳಿ ಕಡೆ ಮಳೆ ಕಡಿಮೆ, ಗಾಳಿ ಜೋರು; ಇಲ್ಲಿನ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಅಲ್ಲದೆ, ಈ ಭಾಗದಿಂದ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳಿವೆ.

ಮೊದಲು ಪರಿಕಲ್ಪನೆ. ಗಾಳಿಯು ಮಣ್ಣನ್ನು ಮೂರು ಬಗೆಯಲ್ಲಿ ಒಯ್ಯುತ್ತದೆ. ಸುಮಾರು 0.5 ಮಿ.ಮೀ.ಗಿಂತ ದಪ್ಪ ಕಣಗಳು ಉರುಳುತ್ತವೆ. 0.1ರಿಂದ 0.5 ಮಿ.ಮೀ. ಕಣಗಳು ಕುಪ್ಪಳಿಸುತ್ತವೆ, ಬಿದ್ದಾಗ ನೆಲಕ್ಕೆ ಬಡಿದು ಸಣ್ಣ ಕಣಗಳನ್ನು ಎಬ್ಬಿಸುತ್ತವೆ. ಅದಕ್ಕಿಂತ ಸಣ್ಣವು ತೇಲುತ್ತವೆ. 10 ಮೈಕ್ರಾನ್‌ಗಿಂತ ಚಿಕ್ಕವು ಉಸಿರಿನೊಂದಿಗೆ ಒಳಹೋಗುತ್ತವೆ.

ನಂತರ ಚಟುವಟಿಕೆ. ಮೂರು ತಟ್ಟೆಗಳಲ್ಲಿ ಒಂದೇ ಮಣ್ಣು: ಒಂದು ಒಣಗಿದ್ದು, ಒಂದು ನೀರು ಚಿಮುಕಿಸಿದ್ದು, ಒಂದು ಜೋಳದ ಸೊಪ್ಪೆ ಮುಚ್ಚಿದ್ದು. ಬಯಲಿನಲ್ಲಿ, ಮಕ್ಕಳನ್ನು ಗಾಳಿ ಬರುವ ಕಡೆ ನಿಲ್ಲಿಸಿ, ರಟ್ಟಿನಿಂದ ಬೀಸಿಸಿದೆ. ಒಣ ಮಣ್ಣು ಹಾರಿತು, ಉಳಿದೆರಡು ಕದಲಲಿಲ್ಲ. ಬಳಿಕ ತಟ್ಟೆಗಳನ್ನು ಓರೆಯಾಗಿಟ್ಟು ನೀರು ಸುರಿದಾಗ ಚಿಮುಕಿಸಿದ ಮಣ್ಣೂ ಕೊಚ್ಚಿಹೋಯಿತು. ಮುಚ್ಚಿದ ಮಣ್ಣು ಬಹುಪಾಲು ಉಳಿಯಿತು. ಚಿಮುಕಿಸಿದ ನೀರು ಗಾಳಿಯನ್ನಷ್ಟೇ, ಅದೂ ಆರುವವರೆಗೆ ಮಾತ್ರ ತಡೆಯುತ್ತದೆ. ಹೊದಿಕೆ ಗಾಳಿ, ಮಳೆ ಎರಡನ್ನೂ ತಡೆಯುತ್ತದೆ. ಪಾಠದ ತಿರುಳು ಇದೇ.

ಇಷ್ಟಾದ ಮೇಲೆ ನಿಯಮಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ಕೇಂದ್ರ ಪರಿಸರ ಸಚಿವಾಲಯದ 2018ರ ಜನವರಿಯ ಅಧಿಸೂಚನೆಯಂತೆ ಸಡಿಲ ಮಣ್ಣು, ಮರಳನ್ನು ಮುಚ್ಚದೆ ಬಿಡಬಾರದು; ನೀರು ಚಿಮುಕಿಸುವ ವ್ಯವಸ್ಥೆ ಇರಬೇಕು; ಕಟ್ಟಡದ ಎತ್ತರದ ಮೂರನೇ ಒಂದರಷ್ಟು, ಗರಿಷ್ಠ 10 ಮೀಟರ್, ಗಾಳಿತಡೆ ಬೇಕು; ಕಟ್ಟಡ ಸಾಮಗ್ರಿಯನ್ನು ಬಯಲಲ್ಲಿ ಕತ್ತರಿಸಬಾರದು. ಇವುಗಳಲ್ಲಿ ಕೆಲವು ದೂಳಿನ ಮಿತಿ ಮೀರಿದ ನಗರಗಳಿಗೆ ಅನ್ವಯಿಸುತ್ತವೆ. ಕಾರಣಗಳು ಮಾತ್ರ ಹಳ್ಳಿಗೂ ಒಂದೇ. ಅಮೆರಿಕದ ಅರಿಜೋನಾ ಮರುಭೂಮಿಯ ಮಾರಿಕೋಪಾ ಕೌಂಟಿಯಲ್ಲಿ 0.1 ಎಕರೆ, ಅಂದರೆ ನಮ್ಮ ನಾಲ್ಕು ಗುಂಟೆ ನೆಲ ಕೆದಕಬೇಕಾದರೂ ದೂಳು ನಿಯಂತ್ರಣದ ಪರವಾನಗಿ ಬೇಕು.

ಪ್ರತಿ ನಿಯಮಕ್ಕೂ ಎರಡೇ ಪ್ರಶ್ನೆ ಕೇಳಿದೆ: ಇದು ಯಾವುದನ್ನು ತಡೆಯುತ್ತದೆ? ಎಷ್ಟು ಹೊತ್ತು? ಆಗ ಒಬ್ಬ ಹುಡುಗ, "ಸರ್, ನಮ್ಮಪ್ಪ ಕಲ್ಲು ಕೊಯ್ಯುವಾಗ ಮೂಗಿಗೆ ಟವೆಲ್ ಕಟ್ಟಿಕೊಳ್ತಾನೆ, ಸಾಕಲ್ವಾ?" ಎಂದ. ಅತಿ ಸಣ್ಣ ಕಣಗಳನ್ನು ಬಟ್ಟೆ ಸರಿಯಾಗಿ ತಡೆಯದು. ಕಲ್ಲಿನ ಸಿಲಿಕಾ ದೂಳು ವರ್ಷಗಟ್ಟಲೆ ಒಳಹೋದರೆ ಸಿಲಿಕೋಸಿಸ್ ಬರಬಹುದು. ಅದನ್ನು ಪೂರ್ತಿ ಗುಣಪಡಿಸುವ ಮದ್ದಿಲ್ಲ. ಕೊಯ್ಯುವ ಜಾಗಕ್ಕೇ ನೀರು ಬಿಟ್ಟರೆ ದೂಳು ಏಳುವ ಮೊದಲೇ ಬಹುಮಟ್ಟಿಗೆ ಅಡಗುತ್ತದೆ ಎಂದು ವಿವರಿಸಿದೆ.

ಮೌಲ್ಯಮಾಪನಕ್ಕೆ "ನಿಯಮಗಳನ್ನು ಪಟ್ಟಿ ಮಾಡಿ" ಎಂದು ಕೇಳಬೇಡಿ. ಅದು ನೆನಪಿನ ಪರೀಕ್ಷೆಯಷ್ಟೇ. ನಾನು ಕೊಟ್ಟ ಪ್ರಶ್ನೆ ಹೀಗಿತ್ತು: ಮೇ ತಿಂಗಳಲ್ಲಿ ಶಾಲೆಯ ಕೊಠಡಿಗೆಂದು ಪಾಯ ಅಗೆದು ಮಣ್ಣು ರಾಶಿ ಹಾಕಿದ್ದಾರೆ. ನೀರಿಗೆ ಬರ, ಜೂನ್‌ನಲ್ಲಿ ಮಳೆ ಬರಲಿದೆ. ರಾಶಿಯನ್ನು ಎಲ್ಲಿಡುವಿರಿ, ಏನು ಹೊದಿಸುವಿರಿ, ಏಕೆ?