ಅಂಗಾಂಗ ದಾನ: ಮನೆಯಲ್ಲಿ ಮೊದಲೇ ಆಗಬೇಕಾದ ಮಾತು

ಚಳ್ಳಕೆರೆಯ ಎಣ್ಣೆ ಗಿರಣಿಗಳ ಲಾರಿಗಳು, ದೊಡ್ಡಉಳ್ಳಾರ್ತಿಯಂತಹ ಗ್ರಾಮಗಳಿಂದ ಪೇಟೆಗೆ ಬರುವ ಶೇಂಗಾ ಬೆಳೆಗಾರರು, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ವರ್ತಕರು, ಎಲ್ಲರ ವ್ಯವಹಾರವೂ ರಸ್ತೆಯನ್ನೇ ನಂಬಿದೆ. ಸರಕಿಗೂ ವಾಹನಕ್ಕೂ ನಾವು ತಪ್ಪದೆ ವಿಮೆ ಮಾಡಿಸುತ್ತೇವೆ. ಆದರೆ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡರೆ ಮನೆಯವರು ಏನು ತೀರ್ಮಾನಿಸಬೇಕೆಂಬುದನ್ನು ಮಾತ್ರ ಮೊದಲೇ ಹೇಳಿಟ್ಟವರು ವಿರಳ.

2021ರ ಜೂನ್ ತಿಂಗಳಲ್ಲಿ ರಾಷ್ಟ್ರಪ್ರಶಸ್ತಿ ವಿಜೇತ ನಟ ಸಂಚಾರಿ ವಿಜಯ್ ಅವರು ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೀಡಾದರು. ತಲೆಗೆ ತೀವ್ರ ಪೆಟ್ಟಾಗಿ ಮಿದುಳು ನಿಷ್ಕ್ರಿಯವಾದಾಗ ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದರು. ದುಃಖದ ನಡುವೆಯೇ ಅವರು ಕೈಗೊಂಡ ಆ ನಿರ್ಧಾರದಿಂದ ಅಪರಿಚಿತರಾದ ಹಲವರು ಬದುಕುಳಿದರು.

ಕಾನೂನು ಏನು ಹೇಳುತ್ತದೆ?

1994ರ ಮಾನವ ಅಂಗಾಂಗ ಕಸಿ ಕಾಯ್ದೆಯು ಅಂಗಾಂಗಗಳ ಮಾರಾಟವನ್ನು ನಿಷೇಧಿಸಿ, ಮಿದುಳಿನ ಮರಣಕ್ಕೆ ಮಾನ್ಯತೆ ನೀಡಿತು. ನಾಲ್ವರು ವೈದ್ಯರ ಮಂಡಳಿಯು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿದ ನಂತರವೇ ಮರಣವನ್ನು ದೃಢೀಕರಿಸಲಾಗುತ್ತದೆ. ಕಸಿ ಮಾಡುವ ವೈದ್ಯರು ಈ ಮಂಡಳಿಯಲ್ಲಿ ಇರುವಂತಿಲ್ಲ. ಆದ್ದರಿಂದ ಅಂಗಾಂಗಕ್ಕಾಗಿ ಚಿಕಿತ್ಸೆ ನಿಲ್ಲಿಸುತ್ತಾರೆಂಬ ಭಯಕ್ಕೆ ಆಧಾರವಿಲ್ಲ. ಒಬ್ಬ ದಾನಿಯಿಂದ ಎಂಟು ಜೀವಗಳವರೆಗೆ ಉಳಿಯಬಹುದು.

ರಾಜ್ಯದಲ್ಲಿ 'ಜೀವಸಾರ್ಥಕತೆ' ಸಂಸ್ಥೆಯು ನಿರೀಕ್ಷಣಾ ಪಟ್ಟಿಯನ್ನು ನಿರ್ವಹಿಸಿ ಅಂಗಾಂಗಗಳನ್ನು ಹಂಚುತ್ತದೆ. 2023ರಲ್ಲಿ ಕರ್ನಾಟಕದಲ್ಲಿ ಮರಣಾನಂತರ ದಾನ ಮಾಡಿದವರು 178 ಮಂದಿ. ಕಾಯುತ್ತಿರುವವರಾದರೋ ಸಾವಿರಾರು. ಬೇಡಿಕೆ ಮತ್ತು ಪೂರೈಕೆಯ ಅಂತರವನ್ನು ಬಲ್ಲ ವರ್ತಕರಿಗೆ ಈ ಅಂಕಿಗಳ ಅರ್ಥವನ್ನು ವಿವರಿಸಬೇಕಿಲ್ಲ.

ಗ್ರಾಮಗಳಿಗೆ ನೇತ್ರದಾನದ ಮಾರ್ಗ

ಹೃದಯ, ಯಕೃತ್ತು, ಮೂತ್ರಪಿಂಡಗಳ ದಾನಕ್ಕೆ ತೀವ್ರ ನಿಗಾ ಘಟಕವಿರುವ ಆಸ್ಪತ್ರೆ ಅಗತ್ಯ. ನೇತ್ರದಾನಕ್ಕೆ ಆ ಕಟ್ಟುಪಾಡಿಲ್ಲ. ಮನೆಯಲ್ಲಿ ಸ್ವಾಭಾವಿಕವಾಗಿ ಮೃತರಾದವರೂ ಕಣ್ಣು ನೀಡಬಹುದು. ಸುಮಾರು 6 ಗಂಟೆಗಳೊಳಗೆ ನೇತ್ರ ಭಂಡಾರದ ಸಿಬ್ಬಂದಿ ತಲುಪಬೇಕು. ಅಲ್ಲಿಯವರೆಗೆ ರೆಪ್ಪೆಗಳನ್ನು ಮುಚ್ಚಿ, ಒದ್ದೆ ಹತ್ತಿಯನ್ನಿಟ್ಟು, ಫ್ಯಾನ್ ನಿಲ್ಲಿಸಿ, ತಲೆಯನ್ನು ದಿಂಬಿನ ಮೇಲೆ ತುಸು ಎತ್ತರಿಸಿಡಬೇಕು. ಮುಖ ವಿರೂಪಗೊಳ್ಳುವುದಿಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್ ಅವರೂ 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರೂ ಮರಣಾನಂತರ ನೇತ್ರದಾನ ಮಾಡಿದರು. ಪುನೀತ್ ಅವರ ಎರಡು ಕಣ್ಣುಗಳ ಕಾರ್ನಿಯಾಗಳನ್ನು ಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ನೀಡಲಾಯಿತು.

ನೋಂದಣಿಯಷ್ಟೇ ಸಾಲದು

2023ರಿಂದ ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಜಾಲತಾಣದಲ್ಲಿ ಆಧಾರ್ ಮೂಲಕ ಪ್ರತಿಜ್ಞೆ ನೋಂದಾಯಿಸುವ ವ್ಯವಸ್ಥೆಯಿದೆ. ಆದರೆ ಆ ಕ್ಷಣದಲ್ಲಿ ವೈದ್ಯರು ಕೇಳುವುದು ಕುಟುಂಬದವರ ಒಪ್ಪಿಗೆಯನ್ನು. ದಾನಚೀಟಿ ಬೀರುವಿನಲ್ಲಿದ್ದು ಮನೆಯವರಿಗೆ ವಿಷಯವೇ ತಿಳಿಯದಿದ್ದರೆ ನೋಂದಣಿ ನಿಷ್ಫಲವಾದೀತು. ಆದುದರಿಂದ ಪತ್ನಿ, ಮಕ್ಕಳು, ಹಿರಿಯರೊಡನೆ ಸ್ಪಷ್ಟವಾಗಿ ಮಾತನಾಡಿರುವುದು ಅತ್ಯಗತ್ಯ.

ಗಿರಣಿ ಹಾಗೂ ಅಂಗಡಿಗಳ ಮಾಲೀಕರು ತಮ್ಮ ಭಾಗದ ನೇತ್ರ ಭಂಡಾರದ ದೂರವಾಣಿ ಸಂಖ್ಯೆಯನ್ನು ಕಚೇರಿಯಲ್ಲಿ ಬರೆದಿಡಬಹುದು. ಚಾಲಕರು, ಹಮಾಲರು, ಗುಮಾಸ್ತರಿಗೆ ಒತ್ತಾಯವಿಲ್ಲದೆ ಮಾಹಿತಿ ನೀಡಬಹುದು. ಬೈಕ್ ಏರುವವರಿಗೆ ಹೆಲ್ಮೆಟ್ ಕಡ್ಡಾಯಗೊಳಿಸುವುದಂತೂ ಮೊದಲ ಕರ್ತವ್ಯ. ದಾನಿಯಾಗುವ ಸಂದರ್ಭವೇ ಬಾರದಿರಲಿ ಎಂಬುದೇ ಎಲ್ಲರ ಹಾರೈಕೆ.

ವರ್ಷಾಂತ್ಯದಲ್ಲಿ ಲೆಕ್ಕಪತ್ರ ಮುಗಿಸುವಷ್ಟೇ ಶ್ರದ್ಧೆಯಿಂದ ಈ ಒಂದು ಮಾತನ್ನೂ ಮನೆಯವರೊಡನೆ ಮುಗಿಸಿಡೋಣ.