ನೆರೆಹೊರೆಯ ನ್ಯಾಯ

ತಲಕಾಡಿನ ಒಂದು ಬೀದಿಯಲ್ಲಿ ಒಬ್ಬ ಗೃಹಸ್ಥನ ಹಿತ್ತಲಿನಿಂದ ಎರಡು ಗೊನೆ ತೆಂಗಿನಕಾಯಿ ಕಳುವಾಯಿತೆಂದು ಭಾವಿಸೋಣ. ಕದ್ದವನು ಪಕ್ಕದ ಮನೆಯ ತರುಣ. ತಿರುಮಕೂಡಲು ನರಸೀಪುರದ ನ್ಯಾಯಾಲಯವು ಅವನಿಗೆ ಜುಲ್ಮಾನೆ ವಿಧಿಸಿತು. ಹಣವು ಸರ್ಕಾರದ ಬೊಕ್ಕಸವನ್ನು ಸೇರಿತು. ಕಾಯಿ ಕಳೆದುಕೊಂಡವನಿಗೆ ದೊರೆತುದೇನು? ಮರುದಿನ ಇಬ್ಬರೂ ಅದೇ ಕಾವೇರಿಯ ಮೆಟ್ಟಿಲುಗಳನ್ನು ಇಳಿಯಬೇಕಷ್ಟೆ! ಅಪರಾಧಕ್ಕೆ ಶಿಕ್ಷೆಯಾಯಿತು, ಕೆಟ್ಟುದು ಮಾತ್ರ ಸರಿಹೋಗಲಿಲ್ಲ. ಕೆಟ್ಟುದನ್ನು ಸರಿಪಡಿಸುವ ನ್ಯಾಯವನ್ನೇ ಈಗಿನವರು ಪುನಃಸ್ಥಾಪಕ ನ್ಯಾಯವೆಂದು ಕರೆಯುತ್ತಾರೆ.

ನೆರೆಹೊರೆಯವರೇ ಕೂಡಿ ವ್ಯಾಜ್ಯ ತೀರಿಸುವುದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು, ಯಾಜ್ಞವಲ್ಕ್ಯನನ್ನು ಅನುಸರಿಸಿ, ಕುಲ, ಶ್ರೇಣಿ, ಪೂಗಗಳೆಂಬ ಸಭೆಗಳನ್ನು ವಿವರಿಸಿರುವನು. ಕುಲವೆಂದರೆ ಬಂಧುಗಳು, ಶ್ರೇಣಿಯೆಂದರೆ ಒಂದೇ ಕಸುಬಿನವರು, ಪೂಗವೆಂದರೆ ಜಾತಿ ವೃತ್ತಿಗಳು ಬೇರೆಯಾದರೂ ಒಂದೇ ಊರಿನಲ್ಲಿ ವಾಸಿಸುವವರು. ಕುಲದ ತೀರ್ಪು ಒಪ್ಪಿಗೆಯಾಗದವನು ಶ್ರೇಣಿಗೂ, ಅಲ್ಲಿಂದ ಪೂಗಕ್ಕೂ, ಕಡೆಗೆ ರಾಜನು ನೇಮಿಸಿದ ಅಧಿಕಾರಿಗಳಲ್ಲಿಗೂ ಹೋಗಬಹುದಾಗಿತ್ತು.

ಹೊರದೇಶಗಳಲ್ಲಿಯೂ ಇಂತಹ ಪ್ರಯತ್ನಗಳುಂಟು. 1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ ಇಬ್ಬರು ತರುಣರು ಒಂದೇ ರಾತ್ರಿ 22 ಕಡೆ ಜನರ ಸ್ವತ್ತನ್ನು ಹಾಳುಮಾಡಿದರು. ಅವರು ನೊಂದವರನ್ನು ಮುಖತಃ ಕಂಡು ನಷ್ಟ ತುಂಬಿಕೊಡುವಂತೆ ನ್ಯಾಯಾಧೀಶರು ಏರ್ಪಡಿಸಿದರು. ನ್ಯೂಜಿಲೆಂಡಿನಲ್ಲಿ 1989ರ ಶಾಸನವು ಎಳೆಯ ಅಪರಾಧಿಗಳ ವಿಷಯದಲ್ಲಿ ಎರಡು ಪಕ್ಷದವರೂ ಕುಟುಂಬದವರೂ ಒಟ್ಟಿಗೆ ಕುಳಿತು ಪರಿಹಾರವನ್ನು ಆಲೋಚಿಸುವ ಸಭೆಗೆ ಎಡೆಗೊಟ್ಟಿತು.

ನಮ್ಮ ಕಾನೂನು ಈಗ ಎಲ್ಲಿಯವರೆಗೆ ಬಂದಿದೆ? ಸಣ್ಣ ಹೊಡೆದಾಟ, ಅತಿಕ್ರಮ ಪ್ರವೇಶ ಮೊದಲಾದ ಕೆಲವು ಅಪರಾಧಗಳಲ್ಲಿ ನೊಂದವನೇ ರಾಜಿಯಾಗಬಹುದು. ಆಗ ಆರೋಪಿಯು ಬಿಡುಗಡೆ ಹೊಂದುವನು. 1987ರ ಶಾಸನದ ಮೇರೆಗೆ ಲೋಕ ಅದಾಲತ್ತುಗಳು ಇಂತಹ ರಾಜಿಯನ್ನು ಮಾಡಿಸುತ್ತವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಇನ್ನೊಂದು ಹೆಜ್ಜೆ ಮುಂದಿಟ್ಟಿದೆ: 5,000 ರೂಪಾಯಿಗಿಂತ ಕಡಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಸಲ ದೋಷಿಯೆನಿಸಿದವನು, ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದಲ್ಲಿ, ಅವನಿಗೆ ಸೆರೆಮನೆಯಿಲ್ಲ; ಸಮುದಾಯ ಸೇವೆಯೇ ಶಿಕ್ಷೆ. ನಮ್ಮ ತೆಂಗಿನಕಾಯಿಯ ತರುಣನಿಗೂ ಇದೇ ದಾರಿ.

ಆದರೆ ಒಂದು ಎಚ್ಚರಿಕೆ ಅವಶ್ಯಕ. ಊರೊಟ್ಟಿನ ಹೆಸರಿನಲ್ಲಿ ಬಲವಂತರು ಬಡವನ ಬಾಯಿ ಮುಚ್ಚಿಸಿದುದೂ, ಜಾತಿಯ ಯಜಮಾನರು ತಪ್ಪುಕಾಣಿಕೆ ಕಸಿದು ಬಹಿಷ್ಕಾರ ಹಾಕಿದುದೂ ನಾವು ಬಲ್ಲ ಸಂಗತಿಗಳೇ. ಅದು ರಾಜಿಯಲ್ಲ, ದಬ್ಬಾಳಿಕೆ. ಲೋಕ ಅದಾಲತ್ತಿನಲ್ಲಿ ಒಪ್ಪಂದವಾಗದಿದ್ದರೆ ಮೊಕದ್ದಮೆಯು ಮರಳಿ ನ್ಯಾಯಾಲಯಕ್ಕೆ ಹೋಗುತ್ತದೆ; ರಾಜಿಗೆ ಎಡೆಯಿಲ್ಲದ ಘೋರ ಅಪರಾಧಗಳು ಅಲ್ಲಿಗೆ ಬರುವಂತೆಯೇ ಇಲ್ಲ. ಈ ಎರಡು ಕಟ್ಟಳೆಗಳೇ ದುರ್ಬಲನಿಗೆ ಆಸರೆ. ನೊಂದವನು ಭಯವಿಲ್ಲದೆ "ಒಲ್ಲೆ" ಎನ್ನಬಲ್ಲ ಸಭೆಯಲ್ಲಿ ಮಾತ್ರ ಅವನ "ಒಪ್ಪಿದೆ" ಎಂಬ ಮಾತಿಗೆ ಬೆಲೆಯುಂಟು.